ಮೇಜಿನ ಗಣಕಯಂತ್ರಕ್ಕೆ ಬೇಕಾದ ವಿದ್ಯುತ್ತು: ಲೆಕ್ಕಾಚಾರದ ಒಂದು ಕ್ರಮ

ಹೊರನಾಡಿನ ಕನ್ನಡ ಸಂಘಗಳ ಕಾರ್ಯಾಲಯಗಳಲ್ಲಿ ಹಿಂದೆ ಬೆರಳಚ್ಚಿನ ಯಂತ್ರವಿದ್ದ ಸ್ಥಾನದಲ್ಲಿ ಇಂದು ಗಣಕಯಂತ್ರ ಕುಳಿತಿದೆ. ಪತ್ರವ್ಯವಹಾರ, ಸದಸ್ಯರ ಪಟ್ಟಿ, ಪತ್ರಿಕೆಯ ಅಕ್ಷರಜೋಡಣೆ, ಜೀರ್ಣವಾದ ಗ್ರಂಥಗಳ ಪುಟಗಳನ್ನು ಸ್ಕ್ಯಾನ್ ಮಾಡಿ ಉಳಿಸುವ ಕೆಲಸ, ಇವೆಲ್ಲವೂ ಅದರ ಮೂಲಕವೇ ನಡೆಯಬೇಕಾಗಿದೆ. ಆದರೆ ಹೊಸದೊಂದು ಯಂತ್ರವನ್ನು ಕೊಳ್ಳಲೆಂದು ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆಗೋ, ಚೆನ್ನೈಯ ರಿಚ್ಚಿ ಬೀದಿಗೋ, ದಿಲ್ಲಿಯ ನೆಹರೂ ಪ್ಲೇಸಿಗೋ ಹೋದವರಿಗೆ ಒಂದು ಪ್ರಶ್ನೆ ತಪ್ಪದೆ ಎದುರಾಗುತ್ತದೆ: “ಎಷ್ಟು ವಾಟಿನ ಎಸ್‌ಎಂಪಿಎಸ್ ಹಾಕಲಿ?” ಇದಕ್ಕೆ ನಮ್ಮಲ್ಲಿ ಎರಡು ಬಗೆಯ ಉತ್ತರಗಳುಂಟು. ದೊಡ್ಡದಿದ್ದಷ್ಟೂ ಕ್ಷೇಮವೆಂದು ಕೆಲವರು ಬೇಡದ ಹಣ ತೆರುತ್ತಾರೆ. ದೊಡ್ಡದಾದರೆ ವಿದ್ಯುತ್ತಿನ ಬಿಲ್ಲು ಏರುವುದೆಂದು ಹೆದರಿ ಇನ್ನು ಕೆಲವರು ಅಗ್ಗದ ಪೆಟ್ಟಿಗೆಯೊಂದನ್ನು ಹಾಕಿಸಿಕೊಂಡು ಬರುತ್ತಾರೆ. ಒಂದು ಶಾಸನದ ಪಾಠವನ್ನು ನಾಲ್ಕು ಸಲ ತಾಳೆನೋಡದೆ ಒಪ್ಪದ ನಮ್ಮ ವಿದ್ವಾಂಸರು, ಅಂಗಡಿಯವನು ಹೇಳಿದ ಅಂಕಿಯನ್ನು ಮಾತ್ರ ಮರುಪ್ರಶ್ನೆಯಿಲ್ಲದೆ ಒಪ್ಪಿಬಿಡುತ್ತಾರೆ. ಈ ಅಂಕಿಯನ್ನು ಯಾರು ಬೇಕಾದರೂ ಕಾಗದದ ಮೇಲೆ ಲೆಕ್ಕಹಾಕಿ ಕಂಡುಕೊಳ್ಳಬಹುದು. ಕೂಡುವುದು ಗುಣಿಸುವುದು ಬಂದರೆ ಸಾಕು. ಆ ಕ್ರಮವನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

೧. ಪದಗಳ ಗೊಂದಲ

ಮೊದಲು ಮಾತನ್ನು ತಿಳಿಯಾಗಿಸಿಕೊಳ್ಳಬೇಕು. ವಾಟ್ ಎಂಬುದು ಶಕ್ತಿಯು ಹರಿಯುವ ದರದ ಅಳತೆ. ಅದನ್ನು ನಮ್ಮ ಪಠ್ಯಪುಸ್ತಕಗಳು ‘ಸಾಮರ್ಥ್ಯ’ ಎಂದು ಕರೆಯುತ್ತವೆ. ಆದರೆ ಕನ್ನಡದ ವಾಡಿಕೆಯಲ್ಲಿ ಸಾಮರ್ಥ್ಯವೆಂದರೆ ಮಾಡಬಲ್ಲ ಯೋಗ್ಯತೆ, ಮಾಡುತ್ತಿರುವ ಕೆಲಸವಲ್ಲ. ಆದುದರಿಂದ ‘೪೫೦ ವಾಟ್ ಸಾಮರ್ಥ್ಯ’ ಎಂಬ ಮಾತನ್ನು ಕೇಳಿದವನಿಗೆ ಆ ಪೆಟ್ಟಿಗೆ ಸದಾ ೪೫೦ ವಾಟನ್ನು ನುಂಗುತ್ತಿದೆಯೋ, ಬೇಕಾದಾಗ ೪೫೦ ವಾಟನ್ನು ಕೊಡಬಲ್ಲದೋ ತಿಳಿಯದಂತಾಗುತ್ತದೆ. ಈ ಲೇಖನದ ಮಟ್ಟಿಗೆ ಮೂರು ಪದಗಳನ್ನು ಬೇರ್ಪಡಿಸಿ ಬಳಸುತ್ತೇನೆ. ಪೂರೈಕೆಯ ಪೆಟ್ಟಿಗೆಯು ಹೆಚ್ಚೆಂದರೆ ಎಷ್ಟು ವಾಟನ್ನು ಕೊಡಬಲ್ಲದೋ ಅದು ‘ಅಳವು’. ಯಂತ್ರವು ಈ ಕ್ಷಣದಲ್ಲಿ ಎಷ್ಟು ವಾಟನ್ನು ಎಳೆದುಕೊಳ್ಳುತ್ತಿದೆಯೋ ಅದು ‘ಸೆಳೆತ’. ಆ ಸೆಳೆತವು ಎಷ್ಟು ಗಂಟೆಗಳ ಕಾಲ ನಡೆಯಿತೆಂಬುದನ್ನು ಗುಣಿಸಿ ಬಂದದ್ದು ‘ಬಳಕೆ’. ೧,೦೦೦ ವಾಟಿನ ಸೆಳೆತ ಒಂದು ಗಂಟೆ ನಡೆದರೆ ಒಂದು ಯೂನಿಟ್ಟಿನ ಬಳಕೆಯಾಯಿತು. ಬಿಲ್ಲು ಬರುವುದು ಇದಕ್ಕೆ.

ಈ ಮೂರನ್ನು ಬೇರ್ಪಡಿಸಿದೊಡನೆ ಒಂದು ಭಯ ತಾನಾಗಿಯೇ ಕಳೆಯುತ್ತದೆ. ಅಳವು ದೊಡ್ಡದಾದ ಮಾತ್ರಕ್ಕೆ ಸೆಳೆತ ಹೆಚ್ಚುವುದಿಲ್ಲ. ಕೊಳಗ ದೊಡ್ಡದೆಂದು ಕಣಜದಲ್ಲಿನ ಭತ್ತ ಹೆಚ್ಚೀತೆ? ೭೫೦ ವಾಟಿನ ಪೆಟ್ಟಿಗೆಯನ್ನು ಹಾಕಿದರೂ, ಒಳಗಿನ ಅಂಗಗಳು ೫೦ ವಾಟನ್ನು ಕೇಳಿದರೆ ಅದು ಕೊಡುವುದು ೫೦ ವಾಟನ್ನೇ.

೨. ಹಿಂದಿನಿಂದ ಇಂದಿನವರೆಗೆ

ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ನಿರ್ಮಾಣವಾಗಿ ೧೯೪೬ರಲ್ಲಿ ಲೋಕದ ಕಣ್ಣಿಗೆ ಬಿದ್ದ ಎನಿಯಾಕ್ ಯಂತ್ರದಲ್ಲಿ ಸುಮಾರು ೧೮,೦೦೦ ನಿರ್ವಾತ ನಳಿಕೆಗಳಿದ್ದುವು. ಅದರ ಸೆಳೆತ ಸುಮಾರು ೧,೫೦,೦೦೦ ವಾಟ್. ನಳಿಕೆಯೊಳಗಿನ ತಂತಿಯನ್ನು ಕೆಂಪಗೆ ಕಾಯಿಸಿದಲ್ಲದೆ ಅದು ಕೆಲಸ ಮಾಡದು. ಯಂತ್ರವು ಲೆಕ್ಕ ಮಾಡಲಿ, ಸುಮ್ಮನಿರಲಿ, ಕಾಯಿಸುವ ಖರ್ಚು ತಪ್ಪದು. ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯಲ್ಲಿ ೧೯೬೦ರಲ್ಲಿ ಪೂರ್ಣಗೊಂಡು, ಮುಂದೆ ಟಿಫ್ರಾಕ್ ಎಂದು ಹೆಸರಾದ ಯಂತ್ರವೂ ನಳಿಕೆಗಳದೇ. ಟ್ರಾನ್ಸಿಸ್ಟರಿನಲ್ಲಿ ಕಾಯಿಸಬೇಕಾದ ತಂತಿಯೇ ಇಲ್ಲ. ೧೯೮೧ರಲ್ಲಿ ಐಬಿಎಂ ಸಂಸ್ಥೆ ಹೊರತಂದ ಮೇಜಿನ ಗಣಕಕ್ಕೆ ೬೩.೫ ವಾಟ್ ಅಳವಿನ ಪೂರೈಕೆ ಸಾಕಾಯಿತು. ಅದೇ ಸಂಸ್ಥೆಯ ೧೯೮೩ರ ಎಕ್ಸ್‌ಟಿ ಮಾದರಿಯಲ್ಲಿ ಈ ಅಳವು ೧೩೦ ವಾಟಿಗೂ, ೧೯೮೪ರ ಎಟಿ ಮಾದರಿಯಲ್ಲಿ ೧೯೨ ವಾಟಿಗೂ ಏರಿತು.

ಟ್ರಾನ್ಸಿಸ್ಟರ್ ಬಂದ ಮೇಲೂ ಈ ಏರಿಕೆ ಏಕೆ? ಒಂದೊಂದು ಟ್ರಾನ್ಸಿಸ್ಟರ್ ತನ್ನ ಸ್ಥಿತಿಯನ್ನು ಬದಲಿಸಿದಾಗಲೂ ಅತ್ಯಲ್ಪವಾದ ಶಕ್ತಿ ವ್ಯಯವಾಗುತ್ತದೆ. ಅಂಥವು ಕೋಟಿಗಟ್ಟಲೆ ಸೇರಿ, ಸೆಕೆಂಡಿಗೆ ನೂರಾರು ಕೋಟಿ ಸಲ ಬದಲಾದರೆ ಅಲ್ಪವೇ ಅನಲ್ಪವಾಗುತ್ತದೆ. ಈ ವ್ಯಯವು ಬದಲಾವಣೆಯ ವೇಗಕ್ಕೆ ಅನುಗುಣವಾಗಿ ಹೆಚ್ಚುತ್ತದೆ. ಒತ್ತಡದ, ಎಂದರೆ ವೋಲ್ಟೇಜಿನ, ವರ್ಗಕ್ಕೆ ಅನುಗುಣವಾಗಿಯೂ ಹೆಚ್ಚುತ್ತದೆ. ವೇಗವನ್ನು ಏರಿಸಲು ಒತ್ತಡವನ್ನೂ ಏರಿಸಬೇಕಾದುದರಿಂದ, ಕೊನೆಯ ಸ್ವಲ್ಪ ವೇಗಕ್ಕಾಗಿ ತೆರುವ ಬೆಲೆ ಬಹಳ. ಆದರೆ ನಳಿಕೆಗೂ ಇದಕ್ಕೂ ಒಂದು ಮುಖ್ಯ ವ್ಯತ್ಯಾಸವುಂಟು: ಕೆಲಸವಿಲ್ಲದಾಗ ಇಂದಿನ ಪ್ರೊಸೆಸರ್ ತನ್ನ ವೇಗ ಒತ್ತಡಗಳೆರಡನ್ನೂ ಇಳಿಸಿಕೊಂಡು ತೂಕಡಿಸುತ್ತದೆ. ಆದುದರಿಂದ ಇಂದಿನ ಗಣಕದ ಸೆಳೆತ ಒಂದೇ ಅಂಕಿಯಲ್ಲ, ಅದೊಂದು ಹರವು. ಅಕ್ಷರ ಜೋಡಿಸುವಾಗ ಒಂದು, ಚಲಚ್ಚಿತ್ರವನ್ನು ಸಂಕಲಿಸುವಾಗ ಇನ್ನೊಂದು.

೩. ಲೆಕ್ಕದ ಮೊದಲ ಹೆಜ್ಜೆ: ಕೆಲಸ ಯಾವುದು?

ಅಡಿಗೆಯವನು ಊಟಕ್ಕೆ ಬರುವವರ ಸಂಖ್ಯೆ ಕೇಳದೆ ಒಲೆ ಹೂಡುವುದಿಲ್ಲ. ಯಂತ್ರದಿಂದ ಆಗಬೇಕಾದ ಕೆಲಸವನ್ನು ಮೊದಲು ನಿರ್ಧರಿಸಬೇಕು. ಅಕ್ಷರಜೋಡಣೆ, ಲೆಕ್ಕಪತ್ರ, ಪುಟಗಳ ಸ್ಕ್ಯಾನು, ಅಂತರಜಾಲದ ಗ್ರಂಥಾಲಯಗಳನ್ನು ನೋಡುವುದು, ಇಷ್ಟೇ ಆದರೆ ಬೇರೆ ಗ್ರಾಫಿಕ್ಸ್ ಕಾರ್ಡು ಬೇಕಿಲ್ಲ. ಪ್ರೊಸೆಸರಿನೊಳಗೆ ಅಡಕವಾದ ಚಿತ್ರಭಾಗವೇ ಸಾಕು. ಇದಕ್ಕೆ ನಮ್ಮ ಕಣ್ಣೆದುರಿಗೇ ಪ್ರಮಾಣವುಂಟು. ಈ ಕೆಲಸಗಳನ್ನೆಲ್ಲ ಮಾಡುವ ಲ್ಯಾಪ್‌ಟಾಪಿನ ಚಾರ್ಜರನ್ನು ತಿರುಗಿಸಿ ನೋಡಿದರೆ ಅದರ ಮೇಲೆ ಸಾಮಾನ್ಯವಾಗಿ ೪೫ ಅಥವಾ ೬೫ ವಾಟ್ ಎಂದು ಬರೆದಿರುತ್ತದೆ. ಪರದೆಯೂ ಸೇರಿ, ಬ್ಯಾಟರಿಯನ್ನು ತುಂಬುವ ಕೆಲಸವೂ ಸೇರಿ, ಅಷ್ಟರೊಳಗೆ ಎಲ್ಲವೂ ನಡೆದುಹೋಗುತ್ತದೆ!

೪. ಎರಡನೆಯ ಹೆಜ್ಜೆ: ಅಂಗಗಳ ಸೆಳೆತವನ್ನು ಕೂಡುವುದು

ಒಂದು ಸಂಘದ ಕಾರ್ಯಾಲಯಕ್ಕೆ ಇಂಟೆಲ್ ಸಂಸ್ಥೆಯ ಐ೫-೧೨೪೦೦ ಎಂಬ ಪ್ರೊಸೆಸರಿನ ಯಂತ್ರವನ್ನು ಕಟ್ಟಿಸಬೇಕಾಗಿದೆಯೆಂದು ಭಾವಿಸೋಣ. ಇದರ ವಿವರಪಟ್ಟಿಯಲ್ಲಿ ಎರಡು ಅಂಕಿಗಳು ಕಾಣುತ್ತವೆ: ಮೂಲ ಸೆಳೆತ ೬೫ ವಾಟ್, ಗರಿಷ್ಠ ಸೆಳೆತ ೧೧೭ ವಾಟ್. ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿರುವ ಮೊದಲನೆಯದನ್ನು ನಂಬಿದರೆ ಲೆಕ್ಕ ಕೆಡುತ್ತದೆ. ಭರದ ಕೆಲಸದಲ್ಲಿ ಯಂತ್ರವು ಎರಡನೆಯ ಅಂಕಿಯವರೆಗೂ ಹೋಗಬಲ್ಲದು. ಎಎಂಡಿ ಸಂಸ್ಥೆಯ ಪ್ರೊಸೆಸರುಗಳಲ್ಲಿಯೂ ಹೀಗೆಯೇ: ೬೫ ವಾಟ್ ಎಂದು ಪ್ರಕಟವಾದ ರೈಜ಼ೆನ್ ೫-೭೬೦೦ ವಾಸ್ತವವಾಗಿ ೮೮ ವಾಟಿನವರೆಗೆ ಸೆಳೆಯುತ್ತದೆ. ಪೂರೈಕೆಯ ಅಳವನ್ನು ನಿಶ್ಚಯಿಸುವಾಗ ಯಾವಾಗಲೂ ಗರಿಷ್ಠವನ್ನೇ ಹಿಡಿಯಬೇಕು.

ಉಳಿದ ಅಂಗಗಳಿಗೆ ಸ್ಥೂಲವಾದ ಅಂಕಿಗಳು ಸಾಕು. ಮದರ್‌ಬೋರ್ಡಿಗೆ ೩೦ ವಾಟ್, ಎರಡು ರ‍್ಯಾಮ್ ಪಟ್ಟಿಗಳಿಗೆ ೮, ಎಸ್‌ಎಸ್‌ಡಿಗೆ ೫, ತಿರುಗುವ ತಟ್ಟೆಯ ಹಾರ್ಡ್ ಡಿಸ್ಕಿಗೆ ೮, ಎರಡು ಫ್ಯಾನುಗಳಿಗೆ ೬, ಕೀಲಿಮಣೆ, ಮೌಸು, ಚಿಕ್ಕ ಸ್ಕ್ಯಾನರು ಮೊದಲಾದ ಹೊರಗಿನ ಪರಿಕರಗಳಿಗೆ ೧೦. ಇವನ್ನು ೧೧೭ಕ್ಕೆ ಕೂಡಿದರೆ ಒಟ್ಟು ೧೮೪ ವಾಟ್. ಹಾರ್ಡ್ ಡಿಸ್ಕು ತಿರುಗಲಾರಂಭಿಸುವ ಕೆಲವು ಸೆಕೆಂಡುಗಳಲ್ಲಿ ಸುಮಾರು ೨೫ ವಾಟನ್ನು ಎಳೆಯುವುದುಂಟು. ಆದರೆ ಆ ಹೊತ್ತಿನಲ್ಲಿ ಪ್ರೊಸೆಸರ್ ಗರಿಷ್ಠದಲ್ಲಿ ಇರುವುದಿಲ್ಲವಾದ್ದರಿಂದ ಚಿಂತೆಯಿಲ್ಲ. ಪರದೆಯನ್ನು, ಎಂದರೆ ಮಾನಿಟರನ್ನು, ಈ ಮೊತ್ತದಲ್ಲಿ ಸೇರಿಸಬಾರದು. ಅದು ಗೋಡೆಯ ಪ್ಲಗ್ಗಿನಿಂದ ನೇರವಾಗಿ ವಿದ್ಯುತ್ತನ್ನು ಪಡೆಯುತ್ತದೆ.

ಈ ೧೮೪ರ ಮೇಲೆ ಮೂರರಲ್ಲಿ ಒಂದು ಪಾಲಿನಷ್ಟು ಸಡಿಲವನ್ನಿಟ್ಟರೆ ೨೪೫ ಆಯಿತು. ಸಡಿಲ ಬೇಕಾದುದಕ್ಕೆ ಕಾರಣಗಳುಂಟು. ಪೂರೈಕೆಯೊಳಗಿನ ಕೆಪಾಸಿಟರುಗಳು ವರ್ಷಗಳು ಕಳೆದಂತೆ ಸೊರಗುತ್ತವೆ. ಅವುಗಳ ಉಷ್ಣತೆ ಹತ್ತು ಡಿಗ್ರಿ ಏರಿದರೆ ಬಾಳಿಕೆ ಹೆಚ್ಚುಕಡಿಮೆ ಅರ್ಧಕ್ಕಿಳಿಯುವುದೆಂಬುದು ತಂತ್ರಜ್ಞರು ಒಪ್ಪಿದ ಸ್ಥೂಲ ನಿಯಮ. ದಿಲ್ಲಿ, ಹೈದರಾಬಾದುಗಳ ಬೇಸಗೆಯನ್ನು ಕಂಡವರಿಗೆ ಇದರ ಅರ್ಥವನ್ನು ವಿವರಿಸಬೇಕಾಗಿಲ್ಲ. ನಾಳೆ ಇನ್ನೊಂದು ಡಿಸ್ಕನ್ನು ಸೇರಿಸಬೇಕಾಗಿಯೂ ಬರಬಹುದು. ಒಟ್ಟಿನಲ್ಲಿ ೨೫೦ ವಾಟಿನ ಪ್ರಾಮಾಣಿಕವಾದ ಪೂರೈಕೆ ಈ ಯಂತ್ರಕ್ಕೆ ಸಾಕು. ಪೇಟೆಯಲ್ಲಿ ಒಳ್ಳೆಯ ತಯಾರಕರ ಮಾಲು ಸುಲಭವಾಗಿ ಸಿಕ್ಕುವುದು ೪೦೦ ಅಥವಾ ೪೫೦ ವಾಟಿನಿಂದ ಮೇಲಕ್ಕೆ. ಅದನ್ನು ಕೊಂಡರೆ ಧಾರಾಳವಾಯಿತು. ೬೫೦, ೭೫೦ ಎಂಬ ಮಾತಿಗೆ ಇಲ್ಲಿ ಎಡೆಯೇ ಇಲ್ಲ.

ಇನ್ನು ಸಂಘವು ತನ್ನ ನಾಟಕಗಳನ್ನೂ ಉಪನ್ಯಾಸಗಳನ್ನೂ ಚಿತ್ರೀಕರಿಸಿ ಸಂಕಲಿಸುವುದೆಂದಾದರೆ ಗ್ರಾಫಿಕ್ಸ್ ಕಾರ್ಡು ಬೇಕಾಗಬಹುದು. ಎನ್‌ವಿಡಿಯಾ ಸಂಸ್ಥೆಯ ಆರ್‌ಟಿಎಕ್ಸ್ ೩೦೬೦ ಕಾರ್ಡಿನ ಸೆಳೆತ ೧೭೦ ವಾಟ್. ಹಿಂದಿನ ಮೊತ್ತಕ್ಕೆ ಕೂಡಿದರೆ ೩೫೪. ಮೂರರಲ್ಲೊಂದು ಪಾಲು ಸೇರಿಸಿದರೆ ೪೭೨. ಎಂದರೆ ೫೫೦ ವಾಟಿನ ಪೂರೈಕೆ. ತಯಾರಕರು ಈ ಕಾರ್ಡಿಗೆ ಸೂಚಿಸುವುದೂ ೫೫೦ನ್ನೇ. ಇಂಥ ಕಾರ್ಡುಗಳ ವಿಷಯದಲ್ಲಿ ಸಡಿಲಕ್ಕೆ ಇನ್ನೊಂದು ಕಾರಣವುಂಟು: ಅವುಗಳ ಸೆಳೆತ ಸೆಕೆಂಡಿನ ಅತ್ಯಲ್ಪ ಭಾಗದಷ್ಟು ಕಾಲ ಹೇಳಿದ ಮಿತಿಯನ್ನು ದಾಟಿ ಜಿಗಿಯುತ್ತದೆ. ೨೦೨೨ರಲ್ಲಿ ಹೊರಬಂದ ಎಟಿಎಕ್ಸ್ ೩.೦ ನಿಯಮಾವಳಿಯು, ೪೫೦ ವಾಟಿಗಿಂತ ದೊಡ್ಡ ಪೂರೈಕೆಗಳು ಸೆಕೆಂಡಿನ ಹತ್ತುಸಾವಿರದಲ್ಲೊಂದು ಭಾಗದ ಕಾಲ ತಮ್ಮ ಅಳವಿನ ಎರಡರಷ್ಟನ್ನು ತಾಳಿಕೊಳ್ಳಬೇಕೆಂದು ವಿಧಿಸಿರುವುದು ಈ ಜಿಗಿತಕ್ಕಾಗಿಯೇ. ಅದೇ ವರ್ಷ ಬಂದ ಆರ್‌ಟಿಎಕ್ಸ್ ೪೦೯೦ ಎಂಬ ಕಾರ್ಡೊಂದೇ ೪೫೦ ವಾಟನ್ನು ಎಳೆಯುತ್ತದೆ. ಇಂಥ ಯಂತ್ರಗಳ ಕುರಿತು ಕೇಳಿಬರುವ ಸಾವಿರ ವಾಟಿನ ಮಾತು ಸುಳ್ಳಲ್ಲ. ಆದರೆ ಅದು ನಮ್ಮ ಕೆಲಸಕ್ಕೆ ಸಂಬಂಧಿಸಿದ್ದಲ್ಲ.

೫. ಮೂರನೆಯ ಹೆಜ್ಜೆ: ಪೆಟ್ಟಿಗೆಯ ಪಟ್ಟಿಯನ್ನು ಓದುವುದು

ಎಸ್‌ಎಂಪಿಎಸ್ ಗೋಡೆಯಿಂದ ಬರುವ ೨೩೦ ವೋಲ್ಟಿನ ಪರ್ಯಾಯ ಪ್ರವಾಹವನ್ನು ೧೨, ೫ ಮತ್ತು ೩.೩ ವೋಲ್ಟಿನ ಏಕಮುಖ ಪ್ರವಾಹಗಳಾಗಿ ಮಾರ್ಪಡಿಸುತ್ತದೆ. ಇಂದಿನ ಯಂತ್ರಗಳಲ್ಲಿ ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡು ಎರಡೂ ೧೨ ವೋಲ್ಟಿನ ಕವಲಿನಿಂದಲೇ ಆಹಾರ ಪಡೆಯುವುದರಿಂದ ನಿಜವಾದ ಪ್ರಶ್ನೆ ಆ ಕವಲಿನದು. ಪೆಟ್ಟಿಗೆಯ ಪಕ್ಕದಲ್ಲಿ ಅಂಟಿಸಿದ ಪಟ್ಟಿಯಲ್ಲಿ ಒಂದೊಂದು ವೋಲ್ಟಿನ ಎದುರಿಗೂ ಎಷ್ಟು ಆಂಪಿಯರ್ ಎಂದು ಬರೆದಿರುತ್ತದೆ. ೧೨ ವೋಲ್ಟಿನ ಎದುರಿಗಿರುವ ಆಂಪಿಯರನ್ನು ೧೨ರಿಂದ ಗುಣಿಸಬೇಕು. ೩೭ ಆಂಪಿಯರ್ ಎಂದಿದ್ದರೆ ೪೪೪ ವಾಟ್. ಆ ಪೆಟ್ಟಿಗೆ ‘೪೫೦’ ಎಂದು ಹೇಳಿಕೊಂಡರೆ ಅದು ಒಪ್ಪುವ ಮಾತು. ಹೊರಗೆ ‘೪೫೦’ ಎಂದಿದ್ದು, ೧೨ ವೋಲ್ಟಿನ ಎದುರು ೧೮ ಆಂಪಿಯರ್ ಮಾತ್ರವಿದ್ದರೆ ಅಲ್ಲಿ ದೊರೆಯುವುದು ೨೧೬ ವಾಟ್. ಉಳಿದ ಅಂಕಿ ಯಂತ್ರಕ್ಕೆ ಅಷ್ಟಾಗಿ ಬೇಡದ ೫ ಮತ್ತು ೩.೩ ವೋಲ್ಟುಗಳಿಂದ ಕೂಡಿಸಿದ್ದು. ಇದು ಹೆಸರೊಂದು, ಹೊಟ್ಟೆಯೊಂದು. ೧೨ ವೋಲ್ಟಿನ ಕವಲುಗಳು ಎರಡಿದ್ದರೆ ಎರಡನ್ನೂ ಸುಮ್ಮನೆ ಕೂಡದೆ, ಅವುಗಳಿಗೆ ಕೊಟ್ಟಿರುವ ಜಂಟಿ ಮಿತಿಯನ್ನು ನೋಡಬೇಕು.

ಪೂರೈಕೆಯಲ್ಲಿ ಉಳಿಸಿದ ಹಣ ಬಹು ದುಬಾರಿಯಾದ ಉಳಿತಾಯವಾಗಬಲ್ಲದು. ಒಳ್ಳೆಯ ಪೂರೈಕೆಯು ಮಿತಿಮೀರಿದಾಗ ತಾನಾಗಿ ನಿಂತು ಉಳಿದ ಅಂಗಗಳನ್ನು ಕಾಯುತ್ತದೆ. ಕಳಪೆಯದು ನಿಲ್ಲದೆ ಕೆಟ್ಟು, ಕೆಡುವಾಗ ಡಿಸ್ಕನ್ನೂ ಕೆಡಿಸಬಹುದು. ಹೊಸ ಡಿಸ್ಕನ್ನು ಕೊಳ್ಳಬಹುದು; ಅದರಲ್ಲಿದ್ದ, ಮೂಲವೇ ಈಗ ಪುಡಿಯಾಗಿರುವ ಗ್ರಂಥವೊಂದರ ಪುಟಗಳನ್ನು ಎಲ್ಲಿಂದ ಕೊಳ್ಳುವುದು? ಆದುದರಿಂದ ದೊಡ್ಡ ಅಂಕಿಗೆ ಕೊಡುವ ಹಣವನ್ನು ಒಳ್ಳೆಯ ಗುಣಕ್ಕೆ ಕೊಡುವುದು ಲೇಸು. ೭೫೦ ಎಂದು ಬರೆದುಕೊಂಡ ಕಳಪೆ ಪೆಟ್ಟಿಗೆಗಿಂತ ೪೦೦ ಎಂದು ಬರೆದು ೪೦೦ನ್ನೇ ಕೊಡುವ ಪೆಟ್ಟಿಗೆ ಮೇಲು. ಡಿಸ್ಕಿನಲ್ಲಿರುವುದರ ಇನ್ನೊಂದು ಪ್ರತಿಯನ್ನು ಬೇರೆಡೆ ಇಡಬೇಕೆಂಬುದು ಇದರಿಂದ ತಪ್ಪುವುದಿಲ್ಲವೆಂಬುದನ್ನೂ ಹೇಳಬೇಕು.

೬. ಸೋರಿಕೆ ಮತ್ತು ಬಿಲ್ಲು

ಯಾವ ಪೂರೈಕೆಯೂ ಪಡೆದುದನ್ನೆಲ್ಲ ಕೊಡುವುದಿಲ್ಲ. ಒಂದಂಶ ಶಾಖವಾಗಿ ಸೋರಿಹೋಗುತ್ತದೆ. ಸೋರಿಕೆಯನ್ನು ಅಳೆದು ದರ್ಜೆ ನೀಡುವ ‘೮೦ ಪ್ಲಸ್’ ಎಂಬ ಪ್ರಮಾಣಪತ್ರ ೨೦೦೪ರಿಂದ ರೂಢಿಯಲ್ಲಿದೆ. ೧೧೫ ವೋಲ್ಟಿನ ಪರೀಕ್ಷೆಯಲ್ಲಿ ಅರ್ಧ ಭಾರಕ್ಕೆ ಬ್ರಾಂಜ಼್ ದರ್ಜೆಯದು ಶೇಕಡ ೮೫ನ್ನೂ, ಗೋಲ್ಡ್ ದರ್ಜೆಯದು ಶೇಕಡ ೯೦ನ್ನೂ ಮುಟ್ಟಬೇಕು. ಈ ದರ್ಜೆಗಳ ಪರೀಕ್ಷೆ ನಡೆಯುವುದು ಅಳವಿನ ಶೇಕಡ ೨೦, ೫೦ ಮತ್ತು ೧೦೦ರ ಭಾರಗಳಲ್ಲಿ ಮಾತ್ರ. ಅತಿ ಹಗುರವಾದ ಭಾರದಲ್ಲಿ ಪೂರೈಕೆಯ ದಕ್ಷತೆ ಕುಸಿಯುತ್ತದೆ. ೫೦ ವಾಟಿನ ಕೆಲಸಕ್ಕೆ ೭೫೦ ವಾಟಿನ ಪೆಟ್ಟಿಗೆಯನ್ನು ಹಾಕಿದರೆ ಅದು ಶೇಕಡ ೭ರ ಭಾರದಲ್ಲಿ, ಪರೀಕ್ಷೆಯ ಹೊರಗೆ, ದುಡಿಯುತ್ತಿರುತ್ತದೆ. ಅಳವು ದೊಡ್ಡದಾದರೆ ಬಿಲ್ಲು ಹೆಚ್ಚುವುದೆಂಬ ಭಯದಲ್ಲಿ ಇರುವ ಸತ್ಯಾಂಶ ಇಷ್ಟೇ. ಅದು ಕೆಲವು ವಾಟುಗಳ ಮಾತು.

ಗೋಲ್ಡ್ ದರ್ಜೆಗೆ ಹೆಚ್ಚು ಹಣ ತೆರಬೇಕೆ? ಇದನ್ನೂ ಲೆಕ್ಕ ಹಾಕೋಣ. ಒಳಗಿನ ಸೆಳೆತ ೫೦ ವಾಟ್ ಇರಲಿ. ದಕ್ಷತೆ ಶೇಕಡ ೮೦ ಆದರೆ ಗೋಡೆಯಿಂದ ೬೨.೫ ವಾಟ್ ಬೇಕು, ಶೇಕಡ ೯೦ ಆದರೆ ೫೫.೬. ವ್ಯತ್ಯಾಸ ಸುಮಾರು ೭ ವಾಟ್. ದಿನಕ್ಕೆ ೮ ಗಂಟೆಯಂತೆ ವರ್ಷಕ್ಕೆ ೩೦೦ ದಿನ ನಡೆಸಿದರೆ ೨,೪೦೦ ಗಂಟೆ. ಉಳಿತಾಯ ಸುಮಾರು ೧೭ ಯೂನಿಟ್. ಯೂನಿಟ್ಟಿಗೆ ೧೦ ರೂಪಾಯಿಯೆಂದು ಹಿಡಿದರೆ ವರ್ಷಕ್ಕೆ ೧೭೦ ರೂಪಾಯಿ. ಒಳಗಿನ ಸೆಳೆತ ೩೦೦ ವಾಟ್ ಇರುವ ಯಂತ್ರದಲ್ಲಾದರೆ ಇದೇ ವ್ಯತ್ಯಾಸ ೧೦೦ ಯೂನಿಟ್, ಎಂದರೆ ೧,೦೦೦ ರೂಪಾಯಿ. ಹಗುರ ಕೆಲಸದ ಯಂತ್ರಕ್ಕೆ ಬ್ರಾಂಜ಼್ ಸಾಕೆಂದೂ, ದಿನವಿಡೀ ಭರದಿಂದ ದುಡಿಯುವ ಯಂತ್ರಕ್ಕೆ ಗೋಲ್ಡ್ ಯುಕ್ತವೆಂದೂ ಇದರಿಂದ ತಿಳಿಯುತ್ತದೆ.

೭. ಲೆಕ್ಕವನ್ನು ತಾಳೆನೋಡುವುದು

ಕಾಗದದ ಲೆಕ್ಕಕ್ಕೆ ಪ್ರತ್ಯಕ್ಷದ ಒರೆಗಲ್ಲು ಬೇಕು. ಪ್ಲಗ್ಗಿಗೆ ಸಿಕ್ಕಿಸಿ ವಾಟನ್ನು ತೋರುವ ಚಿಕ್ಕ ಮಾಪಕಗಳು ದೊರೆಯುತ್ತವೆ. ಅವಿಲ್ಲದಿದ್ದರೂ ಮನೆಯ ಮೀಟರೇ ಸಾಕು. ಹೊಸ ಬಗೆಯ ಮೀಟರುಗಳಲ್ಲಿ ಕೆಂಪು ದೀಪವೊಂದು ಮಿನುಗುತ್ತಿರುತ್ತದೆ. ಒಂದು ಯೂನಿಟ್ಟಿಗೆ ಎಷ್ಟು ಮಿನುಗೆಂಬುದು ಅದರ ಫಲಕದ ಮೇಲೆಯೇ ಮುದ್ರಿತವಾಗಿರುತ್ತದೆ. ಅದು ೩,೨೦೦ ಇರಲಿ. ಫ್ರಿಜ್ಜು, ಪಂಖ, ದೀಪಗಳನ್ನೆಲ್ಲ ಆರಿಸಿ, ಗಣಕ ಮತ್ತು ಮಾನಿಟರನ್ನು ಮಾತ್ರ ನಡೆಸಿ, ಹತ್ತು ಮಿನುಗುಗಳಿಗೆ ಹಿಡಿಯುವ ಸೆಕೆಂಡುಗಳನ್ನು ಎಣಿಸಬೇಕು. ೩೬,೦೦,೦೦೦ವನ್ನು ೩,೨೦೦ರಿಂದ ಭಾಗಿಸಿ, ಹತ್ತರಿಂದ ಗುಣಿಸಿದರೆ ೧೧,೨೫೦. ಇದನ್ನು ಎಣಿಸಿದ ಸೆಕೆಂಡುಗಳಿಂದ ಭಾಗಿಸಿದರೆ ಬರುವುದೇ ವಾಟ್. ಹತ್ತು ಮಿನುಗಿಗೆ ೧೫೦ ಸೆಕೆಂಡು ಹಿಡಿದರೆ ಸೆಳೆತ ೭೫ ವಾಟ್: ಹಳೆಯ ಮಾದರಿಯ ಚಾವಣಿಯ ಪಂಖವೊಂದು ಎಳೆಯುವಷ್ಟೇ. ಅಕ್ಷರ ಜೋಡಿಸುವಾಗ ಒಮ್ಮೆ, ಅತಿ ಭಾರದ ಕೆಲಸ ನಡೆದಿರುವಾಗ ಒಮ್ಮೆ ಎಣಿಸಿದರೆ ಯಂತ್ರದ ಹರವು ಕೈಗೆ ಸಿಕ್ಕಂತೆ. ಗ್ರಾಫಿಕ್ಸ್ ಕಾರ್ಡಿಲ್ಲದ ಕಾರ್ಯಾಲಯದ ಯಂತ್ರವು, ಮಾನಿಟರನ್ನು ಬಿಟ್ಟು, ಬಹುಪಾಲು ಸಮಯ ೩೦ರಿಂದ ೫೦ ವಾಟಿನ ಆಸುಪಾಸಿನಲ್ಲಿಯೇ ಇರುವುದನ್ನು ವಾಚಕರು ಕಾಣುವರು.

ಈ ಅಳತೆಗೆ ಇನ್ನೊಂದು ಉಪಯೋಗವುಂಟು. ವಿದ್ಯುತ್ತು ಹೋದಾಗ ಯಂತ್ರವನ್ನು ಕಾಯುವ ಯುಪಿಎಸ್‌ಗಳ ಮೇಲೆ ‘೬೦೦ ವಿಎ’ ಎಂದು ಬರೆದಿರುತ್ತದೆ. ಇದು ವಾಟಲ್ಲ, ವೋಲ್ಟ್-ಆಂಪಿಯರ್; ಇಂಥವು ಕೊಡುವುದು ಸಾಮಾನ್ಯವಾಗಿ ೩೬೦ ವಾಟ್. ನಮ್ಮ ಕಾರ್ಯಾಲಯದ ಯಂತ್ರದ ಗರಿಷ್ಠವಾದ ೧೮೪ನ್ನು ಶೇಕಡ ೮೫ರ ದಕ್ಷತೆಗೆ ಸರಿಪಡಿಸಿದರೆ ೨೧೬. ಮಾನಿಟರಿನ ೨೫ ಸೇರಿ ೨೪೧. ಆದುದರಿಂದ ೬೦೦ ವಿಎ ಸಾಕು. ಅದರೊಳಗೆ ೧೨ ವೋಲ್ಟಿನ, ೭ ಆಂಪಿಯರ್-ಗಂಟೆಯ ಬ್ಯಾಟರಿಯಿದ್ದರೆ ಸಂಗ್ರಹ ೮೪ ವಾಟ್-ಗಂಟೆ. ೭೫ ವಾಟಿನ ಸೆಳೆತಕ್ಕೆ ಒಂದು ಗಂಟೆಗೆ ಮೀರಿ ಬರಬೇಕೆಂದು ಲೆಕ್ಕ ಹೇಳಿದರೂ, ಬೇಗ ಬರಿದಾಗುವ ಬ್ಯಾಟರಿ ತನ್ನಲ್ಲಿರುವುದನ್ನೆಲ್ಲ ಕೊಡದಾದ್ದರಿಂದ ಅದರ ಅರ್ಧವನ್ನೂ ನೆಚ್ಚಬಾರದು. ಬರೆದುದನ್ನು ಉಳಿಸಿ ಯಂತ್ರವನ್ನು ಕ್ರಮವಾಗಿ ಆರಿಸಲು ಅಷ್ಟು ಕಾಲ ಯಥೇಷ್ಟ.

೮. ಉಪಸಂಹಾರ

ಇಷ್ಟರಿಂದ ಹೊರಡುವ ತಾತ್ಪರ್ಯವನ್ನು ಸಂಗ್ರಹಿಸಿ ಹೇಳಬಹುದು. ಕೆಲಸವನ್ನು ನಿರ್ಧರಿಸಿ ಅಂಗಗಳನ್ನು ಆರಿಸಬೇಕು. ಅಂಗಗಳ ಗರಿಷ್ಠ ಸೆಳೆತವನ್ನು ಕೂಡಿ, ಮೂರರಲ್ಲೊಂದು ಪಾಲು ಸಡಿಲವನ್ನು ಸೇರಿಸಿ ಅಳವನ್ನು ಗೊತ್ತುಮಾಡಬೇಕು. ಆ ಅಳವು ೧೨ ವೋಲ್ಟಿನ ಕವಲಿನಲ್ಲಿ ನಿಜವಾಗಿಯೂ ಇದೆಯೇ ಎಂದು ಪಟ್ಟಿಯನ್ನು ಓದಬೇಕು. ಬಿಲ್ಲನ್ನು ಅಂದಾಜು ಮಾಡುವಾಗ ಅಳವನ್ನು ಮರೆತು ಮೀಟರನ್ನು ನೋಡಬೇಕು. ಸದಸ್ಯರ ವಂತಿಗೆಯಿಂದ ನಡೆಯುವ ಸಂಸ್ಥೆಗಳಿಗೆ ಒಂದೊಂದು ಸಾವಿರ ರೂಪಾಯಿಯೂ ಒಂದೆರಡು ಪುಸ್ತಕಗಳ ಬೆಲೆ. ಬೇಡದ ವಾಟುಗಳಿಗೆ ತೆತ್ತ ಹಣ ಪುಸ್ತಕದ ಕಪಾಟಿನಿಂದ ಹೋದಂತೆಯೇ. ಕಳಪೆ ಪೆಟ್ಟಿಗೆಯಿಂದ ನಷ್ಟವಾದ ಸಂಗ್ರಹವೂ ಅದೇ ಕಪಾಟಿನದು. ಇನ್ನು ಮುಂದೆ ಅಂಗಡಿಯಲ್ಲಿ ಆ ಪ್ರಶ್ನೆ ಎದುರಾದಾಗ ಚೀಟಿಯೊಂದರ ಮೇಲೆ ಏಳೆಂಟು ಅಂಕಿಗಳನ್ನು ಕೂಡಿಕೊಂಡು ಹೋದವರು ನಿಶ್ಶಂಕೆಯಿಂದ ಉತ್ತರ ಹೇಳಬಹುದು.